ಬಸಳೆ ಚಪ್ಪರದ ಕೆಳಗೊಂದು ಮೀನಿನ ತೊಟ್ಟಿ
(ನಮ್ಮ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)

 

ಅಕೌಂಟ್ಸ್‌ನವರು ಮೀನಿನ ಬಗ್ಗೆ ಏನು ಮಾತಾಡ್ತಾರೆ ಅಂತ ನಿಮಗೆ ಅನಿಸಬಹುದು. ನಾವು ಮಾತಾಡುವುದು ಲೆಕ್ಕದ ಬಗ್ಗೆಯೇ. ಮೀನು ಅದರೊಳಗೆ ಬರ್ತದೆ.

ಎರಡು ವರ್ಷದ ಹಿಂದೆ ನಮ್ಮ ರೂಮಿನ ಸಹೋದರನೊಬ್ಬ ಒಂದು ಬಣ್ಣದ ಕಾಗದ ತಂದು ತೋರಿಸಿದ. ಊರಲ್ಲಿ ಅಕ್ವಾಪೋನಿಕ್ಸ್ ಘಟಕ, ಹಾಕಬೇಕಾದದ್ದು 18 ಲಕ್ಷ, ತಿಂಗಳಿಗೆ 40 ಸಾವಿರ ಲಾಭ ಅಂತ ಅದರಲ್ಲಿತ್ತು. ಹದಿನಾಲ್ಕು ವರ್ಷ ಇಲ್ಲಿ ಬಿಸಿಲಲ್ಲಿ ದುಡಿದು ಉಳಿಸಿದ ದುಡ್ಡು ಅವನದ್ದು. "ಇದಕ್ಕೆ ಹಾಕಿ ಊರಿಗೆ ಹೋಗಿಬಿಡ್ತೇನೆ" ಅಂದ. ಬೇಡ ಅನ್ನಲು ನಮಗೆ ಆ ವಿಷಯ ಗೊತ್ತಿಲ್ಲ, ಹಾಕು ಅನ್ನಲು ಧೈರ್ಯ ಇಲ್ಲ. ಕೊನೆಗೆ ನಾವು ಐದು ಮಂದಿ ಸೇರಿ, ದಮ್ಮಾಮ್ ಹೊರಗೆ ಪರಿಚಯದವರು ನೋಡಿಕೊಳ್ಳುವ ಇಸ್ತಿರಾಹದ ಮೂಲೆಯಲ್ಲಿ, ಚಿಕ್ಕದೊಂದು ಘಟಕ ನಾವೇ ಕಟ್ಟಿ ಒಂದು ವರ್ಷ ನಡೆಸಿ ನೋಡುವುದು ಅಂತ ತೀರ್ಮಾನ ಮಾಡಿದೆವು.

ಸಂಗತಿ ಸರಳ. ಮೀನಿನಿಂದ ನೀರಿಗೆ ಅಮೋನಿಯಾ ಬಿಡುಗಡೆಯಾಗ್ತದೆ. ಅದು ಹೆಚ್ಚಾದರೆ ಮೀನು ಸಾಯ್ತದೆ. ಆ ನೀರನ್ನು ಜಲ್ಲಿ ತುಂಬಿದ ತೊಟ್ಟಿಗೆ ಹಾಯಿಸಿದರೆ, ಜಲ್ಲಿಯ ಮೈಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡ ಹೀರಿದ ನೀರು ಶುದ್ಧವಾಗಿ ಮತ್ತೆ ಮೀನಿಗೆ. ಬಾವಿಕಟ್ಟೆಯ ನೀರು ಹರಿಯುವಲ್ಲಿ ನಮ್ಮ ಉಮ್ಮಂದಿರು ಬಸಳೆ ನೆಟ್ಟದ್ದು ಯಾಕೆ? ಹೋಗುವ ನೀರು ದಂಡ ಆಗಬಾರದು ಅಂತ. ಇದೂ ಅದೇ ಬುದ್ಧಿ.

ಕಟ್ಟಿದ್ದು ಹೀಗೆ. ಸಾವಿರ ಲೀಟರಿನ, ಸುತ್ತ ಕಬ್ಬಿಣದ ಜಾಳಿಗೆ ಇರುವ ಬಿಳಿ ಟ್ಯಾಂಕ್ ಎರಡು ತಂದೆವು. ತರುವಾಗ ಮೊದಲು ಕೇಳಬೇಕಾದದ್ದು, ಅದರಲ್ಲಿ ಹಿಂದೆ ಏನಿತ್ತು ಅಂತ. ಕೆಮಿಕಲ್ ಇದ್ದದ್ದು ಬೇಡವೇ ಬೇಡ. ಒಂದರ ತಳಭಾಗ ಮೀನಿಗೆ, ಸುಮಾರು 700 ಲೀಟರ್. ಕತ್ತರಿಸಿದ ಉಳಿದ ಭಾಗಗಳಿಂದ ಒಂದಡಿ ಆಳದ ಎರಡು ಗಿಡದ ತೊಟ್ಟಿ. ಗಂಟೆಗೆ ಒಮ್ಮೆಯಾದರೂ ತೊಟ್ಟಿಯ ನೀರೆಲ್ಲ ಸುತ್ತುವಂಥ ಪಂಪು, ಗಾಳಿ ಹಾಕುವ ಏರೇಟರ್.

ಜಲ್ಲಿಯಲ್ಲೇ ಮೊದಲ ಪಾಠ. ಇಲ್ಲಿ ಸಿಗುವ ಜಲ್ಲಿ ಹೆಚ್ಚಾಗಿ ಸುಣ್ಣಕಲ್ಲು. ಒಂದು ಕಲ್ಲಿಗೆ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಬಿಡಿ. ಆ ಕಲ್ಲು ನೀರಿನ ಪಿಎಚ್ ಏರಿಸ್ತದೆ, ಆಗ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಚಿಗುರೆಲೆ ಹಳದಿ ಆಗ್ತದೆ. ಪಿಎಚ್ 6ರಿಂದ 7ರೊಳಗೆ ಇದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರಕ್ಕೂ ನಡೀತದೆ. ಊರಿನ ಕರಿಕಲ್ಲಿನ ಜಲ್ಲಿಗೆ ಈ ತಾಪತ್ರಯ ಇಲ್ಲ.

ಈಗ ಲೆಕ್ಕ. ಎಲ್ಲರೂ "ಎಷ್ಟು ಮೀನು ಹಾಕಬಹುದು?" ಅಂತ ಕೇಳ್ತಾರೆ. ಲೆಕ್ಕ ಶುರು ಮಾಡಬೇಕಾದದ್ದು ಗಿಡದ ಜಾಗದಿಂದ. ಸೊಪ್ಪು ಬೆಳೆಯುವ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ತಿಂಡಿ. ನಮ್ಮದು 2.4 ಚದರ ಮೀಟರ್, ಅಂದರೆ ಹೆಚ್ಚೆಂದರೆ 120 ಗ್ರಾಂ. ಬೆಳೆಯುವ ಮೀನು ದಿನಕ್ಕೆ ತನ್ನ ತೂಕದ ಶೇಕಡಾ ಒಂದೂವರೆಯಷ್ಟು ತಿನ್ನುತ್ತದೆ ಅಂತ ಹಿಡಿದರೆ, ಸಾಕಬಹುದಾದದ್ದು 8 ಕೆ.ಜಿ. ಮೀನು. 200 ಗ್ರಾಂ ತೂಗುವಾಗ 40 ಮೀನು. ಅದಕ್ಕಿಂತ ದೊಡ್ಡದಾದ ಹಾಗೆ ಹಿಡಿದು ತಿನ್ನಬೇಕು, ತೂಕ 8 ಕೆ.ಜಿ. ದಾಟಬಾರದು.

ಮರಿ ಬಿಡುವ ಮೊದಲು ಅಮೋನಿಯಾ ಹಾಕಿ ನೀರು ಸುತ್ತಿಸಿದೆವು. ಬ್ಯಾಕ್ಟೀರಿಯಾ ಕೂತುಕೊಳ್ಳಲು ಐದು ವಾರ ಬೇಕಾಯಿತು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ 40 ತಿಲಾಪಿಯಾ ಮರಿ, ಇಲ್ಲಿಯವರ ಬುಲ್ತಿ, ಬಿಟ್ಟೆವು. ಪುದೀನ, ಹರಿವೆ, ಬಸಳೆ ನೆಟ್ಟೆವು. ಬಸಳೆ ಹೇಗೆ ಬಂತು ಅಂದರೆ, ಪ್ರತಿ ಶುಕ್ರವಾರ ಮೂರು ರೂಮಿಗೆ ಹಂಚಿದೆವು.

ಆಮೇಲೆ ಆಗಸ್ಟ್ ಬಂತು. ಒಂದು ಗುರುವಾರ ರಾತ್ರಿ ಇಸ್ತಿರಾಹದಲ್ಲಿ ಯಾರದ್ದೋ ಪಾರ್ಟಿ, ಎಲ್ಲ ಎಸಿ ಒಟ್ಟಿಗೆ ಹಾಕಿದರು, ಬ್ರೇಕರ್ ಬಿತ್ತು. ಎಸಿಯದ್ದು ಎತ್ತಿದರು, ಮೂಲೆಯದ್ದು ಯಾರಿಗೆ ಗೊತ್ತು? ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಬೆಳಿಗ್ಗೆ ಹೋದಾಗ 29 ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬ್ಯಾಟರಿ ಇರುವ ಏರೇಟರಿಗೆ 200 ರಿಯಾಲ್ ಯಾಕೆ ಅಂತ ಬೇಡ ಅಂದವರು ಬೇರೆ ಯಾರೂ ಅಲ್ಲ, ಲೆಕ್ಕ ಬರೆಯುವ ನಾವೇ. ಆ ಸಹೋದರ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ಊರಲ್ಲಿ ಮಳೆಗಾಲಕ್ಕೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ?"

ಅವತ್ತು ಸಂಜೆ ಆ ಬಣ್ಣದ ಕಾಗದವನ್ನು ಮತ್ತೆ ತೆಗೆದು ಓದಿದೆವು. ಆದಾಯದ ಸಾಲು ಚೆನ್ನಾಗಿತ್ತು. ಜನರೇಟರ್ ಇರಲಿಲ್ಲ. ಸಾಯುವ ಮೀನು ಇರಲಿಲ್ಲ. ದಿನಕ್ಕೆರಡು ಸಲ ತಿಂಡಿ ಹಾಕಿ ನೀರು ಪರೀಕ್ಷೆ ಮಾಡುವವರ ಸಂಬಳ ಇರಲಿಲ್ಲ. ಮುಖ್ಯವಾಗಿ, ಬಂಗುಡೆ, ಬೂತಾಯಿ ತಿನ್ನುವ ನಮ್ಮ ಊರಲ್ಲಿ ಸಿಹಿನೀರಿನ ಮೀನನ್ನು ಇಷ್ಟು ರೇಟಿಗೆ ಯಾರು ತಗೊಳ್ತಾರೆ ಅನ್ನುವುದು ಎಲ್ಲಿಯೂ ಇರಲಿಲ್ಲ.

ನಮ್ಮ ವರ್ಷದ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಕಟ್ಟಲು 1,150 ರಿಯಾಲ್. ಪಂಪು, ಏರೇಟರ್ ಸೇರಿ 40 ವ್ಯಾಟ್, ಅಂದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟ್. ಮತ್ತೆ ಮರಿ ತಂದು ಬಿಟ್ಟ ಮೇಲೂ ತಿಂದ ಮೀನು 7 ಕೆ.ಜಿ. ಮಾತ್ರ. ನಮ್ಮ ಕೂಲಿ ಹಿಡಿಯದಿದ್ದರೂ ಮಾರ್ಕೆಟಿನ ಮೀನೇ ಅಗ್ಗ ಮಾರಾಯ್ರೇ! ಸೊಪ್ಪು ಮಾತ್ರ ಲಾಭ.

ಹಾಗಾದರೆ ಇದು ಬೇಡವಾ? ಹಾಗಲ್ಲ. ಮನೆಗೆ ಬೇಕಾದಷ್ಟು ಮಾಡಿದರೆ ಒಳ್ಳೆಯದೇ. ವ್ಯಾಪಾರ ಅಂತಾದರೆ ಮೊದಲು ಒಂದು ವರ್ಷ ಚಿಕ್ಕದು ನಡೆಸಿ. ತಿಲಾಪಿಯಾ ಸಾಕಲು ಊರಲ್ಲಿ ಅನುಮತಿ ಬೇಕು, ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಉಂಟು, ಕಂಪನಿಯ ಏಜೆಂಟರಿಗಿಂತ ಮೊದಲು ಅಲ್ಲಿ ಹೋಗಿ ಕೇಳಿ. ಯಾರಾದರೂ ಲಾಭದ ಕಾಗದ ತಂದರೆ "ನಡೀತಾ ಇರುವ ಘಟಕದ ಕರೆಂಟ್ ಬಿಲ್ಲು, ಮೀನು ಮಾರಿದ ಚೀಟಿ ತೋರಿಸಿ" ಅನ್ನಿ. ಅಷ್ಟು ಸಾಕು.

ಆ ಸಹೋದರ ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದ. 18 ಲಕ್ಷ ಹಾಕಲಿಲ್ಲ. ಮನೆ ಹಿಂದೆ ಒಂದೇ ತೊಟ್ಟಿ, ಬದಿಯಲ್ಲಿ ಇನ್ವರ್ಟರ್, ಮೇಲೆ ಬಸಳೆ ಚಪ್ಪರ. ನೋಡಿಕೊಳ್ಳುವುದು ಅವನ ಮನೆಯವಳು. ನೀರು ಪರೀಕ್ಷೆ ಮಾಡಿದ ಪುಸ್ತಕದ ಫೋಟೋ ತಿಂಗಳಿಗೊಮ್ಮೆ ಕಳಿಸ್ತಾರೆ. ತಾರೀಕು, ಪಿಎಚ್, ಅಮೋನಿಯಾ, ತಿಂಡಿ ಎಷ್ಟು ಗ್ರಾಂ ಎಲ್ಲ ಅದರಲ್ಲುಂಟು. ನಮ್ಮ ಪುಸ್ತಕಕ್ಕಿಂತ ಅದು ಚೊಕ್ಕ. ಉಳಿದ ದುಡ್ಡು ಬ್ಯಾಂಕಿನಲ್ಲುಂಟು, ಮಗಳ ಓದಿಗೆ.

 ಊಟದ ಹೊತ್ತಾಯಿತು. ಹಿಂದಿನ ಮೇಜಿನಲ್ಲಿ ಬಸಳೆ ಬಳ್ಳಿಯ ತುಂಡುಗಳನ್ನು ಇಟ್ಟಿದ್ದೇವೆ, ಬೇಕಾದವರು ತಗೊಂಡು ಹೋಗಿ ನೆಡಿ.