ಬಿಡುವಿನ ದುಡಿಮೆ



ನನ್ನ ವಯಸ್ಸಿನವರ ಫೋನಿಗೆ ಆಗಾಗ ಒಂದು ಸಂದೇಶ ಬರುತ್ತದೆ: "ಮನೆಯಲ್ಲೇ ಕುಳಿತು, ಬಿಡುವಿನ ವೇಳೆಯಲ್ಲಿ ಹಣ ಗಳಿಸಿ." ಇದು ಹೊಸ ಕಾಲದ ವಿಷಯ ಎಂದು ನಾವು ತಿಳಿದಿದ್ದೇವೆ. ಆದರೆ ಇಲ್ಲಿ ಕುಳಿತಿರುವ ಅನೇಕರ ಊರಾದ ಕರಾವಳಿಯಲ್ಲಿ ಇದು ಅಜ್ಜಿಯರ ಕಾಲದಿಂದಲೂ ಇದೆ.

ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರು. ಅಡುಗೆ, ಗದ್ದೆ ಕೆಲಸ ಮುಗಿದ ಮೇಲೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ನೂಲು ಕಟ್ಟುವುದು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು, ಮದುವೆಯ ಚಿನ್ನ ಬಂದದ್ದು ಈ ತಡ್ಪೆಯಿಂದ. 1966ರಲ್ಲಿ ಬೀಡಿ ಕಾರ್ಮಿಕರಿಗಾಗಿಯೇ ಕಾಯ್ದೆ ಬಂತು. ಮುಂದೆ ಭವಿಷ್ಯನಿಧಿಯೂ ಸಿಕ್ಕಿತು. ಆದರೂ ಬಗ್ಗಿ ಕುಳಿತ ಬೆನ್ನಿನ ನೋವು, ಹೊಗೆಸೊಪ್ಪಿನ ಧೂಳಿನ ಕೆಮ್ಮು ಅವರಿಗೇ ಉಳಿಯಿತು. ದರ ಹೇಳುವವರು ಬೇರೆಯವರು.

ಉಡುಪಿಯ ಶಂಕರಪುರದ ಸುತ್ತ ಇನ್ನೊಂದು ಬಗೆ ಇದೆ. ಮನೆಯಂಗಳದಲ್ಲೇ ಮಲ್ಲಿಗೆ ಗಿಡ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನವೂ ಬದಲಾಗುತ್ತದೆ, ಮದುವೆಯ ಕಾಲದಲ್ಲಿ ಏರುತ್ತದೆ, ಮತ್ತೆ ಇಳಿಯುತ್ತದೆ. ಆದರೆ ಗಿಡ ಮನೆಯವರದ್ದು. ಇಂದು ಹೂ ಮಾರಿದರೂ ನಾಳೆಗೆ ಗಿಡ ಉಳಿಯುತ್ತದೆ. ಉಡುಪಿ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೂರು ಪ್ರಶ್ನೆಗಳು ಹೊಳೆದವು. ದರ ಯಾರು ಹೇಳುತ್ತಾರೆ? ಕೆಲಸ ನಿಂತ ಮೇಲೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಅದು ನನ್ನಿಂದ ಏನನ್ನು ಕಿತ್ತುಕೊಳ್ಳುತ್ತದೆ?

ಫೋನಿಗೆ ಬರುವ ಸಂದೇಶಕ್ಕೂ ಇದೇ ಪ್ರಶ್ನೆ ಹಾಕೋಣ. ವಿಡಿಯೋಗೆ ಲೈಕ್ ಒತ್ತಿದರೆ ದುಡ್ಡು ಎನ್ನುತ್ತಾರೆ. ಮೊದಲು ಸ್ವಲ್ಪ ಕೊಟ್ಟು ನಂಬಿಸಿ, ಆಮೇಲೆ ನಮ್ಮಿಂದಲೇ ಠೇವಣಿ ಕೇಳುತ್ತಾರೆ. ಕೆಲವರು ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ ಎನ್ನುತ್ತಾರೆ. ಕದ್ದ ಹಣ ಅದರಲ್ಲಿ ಹಾದುಹೋದರೆ ಪೊಲೀಸರಿಗೆ ಉತ್ತರ ಹೇಳಬೇಕಾದವರು ಖಾತೆಯವರು. ಇನ್ನೊಂದು ಮಾತು. ಒಮಾನ್‌ನಲ್ಲಿ ಕುಟುಂಬ ವೀಸಾದಲ್ಲಿರುವ ನಾವು ಕೆಲಸದ ಪರವಾನಗಿ ಇಲ್ಲದೆ ಸಂಬಳಕ್ಕೆ ದುಡಿಯುವಂತಿಲ್ಲ. ನಾವು ಎಡವಿದರೆ ತೊಂದರೆ ಇಡೀ ಮನೆಗೆ.

ಹಾಗಾದರೆ ಬಿಡುವಿನಲ್ಲಿ ಏನು ಮಾಡಬಹುದು? ಈಗ ಗಿಡ ನೆಡಬಹುದು, ಹೂ ಆಮೇಲೆ ಮಾರಬಹುದು. ಕನ್ನಡ ಟೈಪಿಂಗ್, ಅನುವಾದ, ವಿಡಿಯೋಗೆ ಕನ್ನಡ ಅಡಿಬರಹ ಹಾಕುವುದು, ಇವೆಲ್ಲ ದುಡ್ಡು ಕೊಡುವ ವಿದ್ಯೆಗಳೇ. ಅವುಗಳ ಬೇರು ಈ ತರಗತಿಯಲ್ಲಿದೆ. ಅಕ್ಷರ ಕಲಿಸಿದ ನಮ್ಮ ಗುರುಗಳು ತಮ್ಮ ಬಿಡುವನ್ನು ಒಂದು ಬೈಸೆಯನ್ನೂ ಪಡೆಯದೆ ನಮಗೆ ಕೊಟ್ಟರು. ಬಿಡುವಿಗೆ ಬೆಲೆ ಕಟ್ಟುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪೋಷಕರಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಕೆಲವರು ಇಂಥ ಸಂದೇಶ ತೆರೆಯುವುದು ದುರಾಸೆಯಿಂದಲ್ಲ. ಹನ್ನೆರಡನೆಯ ತರಗತಿ ಮುಗಿದ ಮೇಲೆ ಕಾಲೇಜಿನ ಖರ್ಚು ಎಷ್ಟು, ಅದಕ್ಕೆ ಮನೆಯಲ್ಲಿ ಎಷ್ಟಿದೆ ಎಂಬುದು ನಮಗೆ ಗೊತ್ತಿಲ್ಲ. ಅಪ್ಪ ಓವರ್‌ಟೈಮ್ ಮಾಡಿ ತಡವಾಗಿ ಬಂದಾಗ, ಕೇಳಲೂ ಆಗದೆ ಸುಮ್ಮನಿರಲೂ ಆಗದೆ ಫೋನಿನಲ್ಲಿ ದಾರಿ ಹುಡುಕುತ್ತೇವೆ. "ನೀನು ಓದು ಸಾಕು" ಎಂಬ ಮಾತಿನಲ್ಲಿ ಪ್ರೀತಿ ಇದೆ. ಆದರೆ ತಿಂಗಳಿಗೊಮ್ಮೆಯಾದರೂ ಮನೆಯ ಲೆಕ್ಕಕ್ಕೆ ನಮ್ಮನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಾಡಿಗೆ ಎಷ್ಟು, ಊರಿಗೆ ಕಳಿಸುವುದು ಎಷ್ಟು, ಉಳಿಯುವುದು ಎಷ್ಟು ಎಂದು ಹೇಳಿ. ಅಜ್ಜಿಯ ಮನೆಯಲ್ಲಿ ಬೀಡಿ ಲೆಕ್ಕದ ಪುಸ್ತಕ ಎಲ್ಲರ ಕೈಗೂ ಸಿಗುತ್ತಿತ್ತು. ಬಡತನ ಇತ್ತು, ಗುಟ್ಟು ಇರಲಿಲ್ಲ. ಲೆಕ್ಕ ತಿಳಿದ ಮಕ್ಕಳು ಮೋಸಕ್ಕೆ ಬೇಗ ಬೀಳುವುದಿಲ್ಲ.