ಪತ್ರಿಕೋದ್ಯಮ ಓದಿದವರು ಏನಾಗುತ್ತಾರೆ?



ಪಿಯುಸಿ ಫಲಿತಾಂಶ ಹೊರಬಿದ್ದ ಮರುದಿನದಿಂದ ನಮ್ಮ ಮನೆಗಳಲ್ಲಿ ಎರಡೇ ಪದಗಳು ಕೇಳಿಬರುತ್ತವೆ: ವೈದ್ಯಕೀಯ ಮತ್ತು ಎಂಜಿನಿಯರಿಂಗ್. ಅವೆರಡೂ ಕೈತಪ್ಪಿದರೆ ಬಿ.ಕಾಂ., ಅದೂ ಬೇಡವೆಂದರೆ ಗಲ್ಫ್ ವೀಸಾ. ಇದರ ನಡುವೆ ಮಗನೋ ಮಗಳೋ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ ಓದುತ್ತೇನೆಂದರೆ ಮನೆಯಲ್ಲಿ ಮೌನ ಆವರಿಸುತ್ತದೆ. ಅದನ್ನು ಓದಿ ಹೊಟ್ಟೆ ತುಂಬೀತೇ ಎಂಬುದು ಆ ಮೌನದ ಅರ್ಥ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಾಲ ಮಾಡಿ ಶುಲ್ಕ ಕಟ್ಟುವ ತಂದೆಗೆ, ಒಡವೆ ಅಡವಿಡುವ ತಾಯಿಗೆ ಹಾಗೆ ಕೇಳುವ ಹಕ್ಕಿದೆ. ಇಂದು ನಾವು ಆ ಪ್ರಶ್ನೆಗಷ್ಟೇ ಉತ್ತರಿಸಬಯಸುತ್ತೇವೆ.

ಮೊದಲನೆಯದಾಗಿ, ಪತ್ರಿಕೋದ್ಯಮ ಎಂಬ ಹೆಸರೇ ಹೆತ್ತವರ ದಾರಿ ತಪ್ಪಿಸುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡು ಪೊಲೀಸ್ ಠಾಣೆಗೂ ಪುರಸಭೆಗೂ ಅಲೆಯುವ ವರದಿಗಾರ ಅಥವಾ ಟಿ.ವಿ.ಯಲ್ಲಿ ಕಿರುಚುವ ನಿರೂಪಕ, ಇವರಿಬ್ಬರೇ ನಮ್ಮ ಕಣ್ಣ ಮುಂದೆ ಬರುತ್ತಾರೆ. ವಾಸ್ತವದಲ್ಲಿ ಮಂಗಳಗಂಗೋತ್ರಿ, ಮಾನಸಗಂಗೋತ್ರಿ, ಧಾರವಾಡ, ಕಲಬುರ್ಗಿ, ಶಂಕರಘಟ್ಟ ಮೊದಲಾದೆಡೆಯ ವಿಶ್ವವಿದ್ಯಾನಿಲಯಗಳು ಕಲಿಸುವ ಈ ಶಾಸ್ತ್ರದಲ್ಲಿ ಬಾನುಲಿ, ಚಲನಚಿತ್ರ, ಜಾಹೀರಾತು, ಸಾರ್ವಜನಿಕ ಸಂಪರ್ಕ, ಸಂಶೋಧನೆ ಎಲ್ಲವೂ ಸೇರಿವೆ. ಕಲಿಯುವುದು ಮುಖ್ಯವಾಗಿ ಒಂದೇ ವಿದ್ಯೆ. ಒಂದು ವಿಷಯವನ್ನು ಸರಿಯಾಗಿ ತಿಳಿದುಕೊಂಡು, ತಿಳಿಯದವನಿಗೆ ಅರ್ಥವಾಗುವಂತೆ ಮುಟ್ಟಿಸುವುದು. ಈ ವಿದ್ಯೆ ಬೇಕಾಗದ ಕಚೇರಿ ಇಂದು ವಿರಳ.

ಆದರೂ ಪತ್ರಿಕೆಯಿಂದಲೇ ಆರಂಭಿಸೋಣ. ಅಲ್ಲಿ ವರದಿಗಾರರಷ್ಟೇ ಮುಖ್ಯರಾದ, ಆದರೆ ಓದುಗರು ಎಂದೂ ಕಾಣದ ಒಂದು ವರ್ಗವಿದೆ, ಉಪಸಂಪಾದಕರು. ಸುದ್ದಿಸಂಸ್ಥೆಗಳಿಂದ ಇಂಗ್ಲಿಷಿನಲ್ಲಿ ಬರುವ ಸುದ್ದಿಯನ್ನು ಕನ್ನಡಕ್ಕೆ ತರುವವರು, ತಲೆಬರಹ ಕೊಡುವವರು, ಪುಟ ಕಟ್ಟುವವರು ಇವರೇ. ಒಂದು ಘಟನೆಯನ್ನು 'ಘರ್ಷಣೆ' ಎನ್ನಬೇಕೇ, 'ಹಲ್ಲೆ' ಎನ್ನಬೇಕೇ ಎಂಬುದು ಹೆಚ್ಚಾಗಿ ಇವರ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ. ಆರಂಭದ ಸಂಬಳ ಕಡಿಮೆ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಪತ್ರಕರ್ತರ ವೇತನಕ್ಕೆ ಸಂಬಂಧಿಸಿದ ಮಜೀಠಿಯಾ ಮಂಡಳಿಯ ಶಿಫಾರಸುಗಳನ್ನು ಸರಕಾರ 2011ರಲ್ಲಿ ಅಧಿಸೂಚಿಸಿತು, 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೆ ಗುತ್ತಿಗೆ ನೇಮಕಾತಿಯ ಹಿತ್ತಲಬಾಗಿಲು ಎಲ್ಲರಿಗೂ ಗೊತ್ತು. ಆದ್ದರಿಂದ ನೇಮಕಾತಿ ಪತ್ರವನ್ನು ಓದದೆ ಸಹಿ ಹಾಕಬೇಡಿ. ವರದಿ ಮಾಡಲು ಹೊರಟವರು ತಮ್ಮ ಉದ್ಯೋಗದ ಕರಾರನ್ನೇ ಓದದಿದ್ದರೆ ಹೇಗೆ?

ಸರಕಾರಿ ನೌಕರಿಯೇ ಬೇಕೆನ್ನುವವರಿಗೂ ಇಲ್ಲಿ ದಾರಿಯಿದೆ. ಇಂಡಿಯನ್ ಇನ್ಫರ್ಮೇಶನ್ ಸರ್ವೀಸ್ ಎಂಬುದೊಂದು ಕೇಂದ್ರ ಸೇವೆ ಇದೆಯೆಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಅದರ 'ಎ' ಗುಂಪಿಗೆ ಐಎಎಸ್‌ಗೆ ನಡೆಯುವ ಅದೇ ನಾಗರಿಕ ಸೇವಾ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ. 'ಬಿ' ಗುಂಪಿಗೆ ಪತ್ರಿಕೋದ್ಯಮದ ವಿದ್ಯಾರ್ಹತೆಯನ್ನೇ ಕೇಳುತ್ತಾರೆ. ರಾಜ್ಯದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಿದೆ. ಅಧ್ಯಾಪನದತ್ತ ಒಲವಿದ್ದವರು ಸ್ನಾತಕೋತ್ತರ ಪದವಿಯ ಬಳಿಕ ನೆಟ್ ಅಥವಾ ಕೆ-ಸೆಟ್ ಬರೆಯಬಹುದು. ಇವೆಲ್ಲ ಪರೀಕ್ಷೆಯ ದಾರಿಗಳು. ಶಿಫಾರಸಿನ ಚೀಟಿ ಹಿಡಿದು ಅಲೆಯುವ ಹೊತ್ತನ್ನು ಓದಿಗೆ ಕೊಟ್ಟರೆ ಸಾಕು.

ಕ್ಯಾಮರಾ ಕುರಿತು ಎರಡು ಮಾತು. ಮೈಸೂರಿನ ವಿ.ಕೆ. ಮೂರ್ತಿಯವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಮುಂದೆ ಗುರುದತ್ತರ ಚಿತ್ರಗಳಿಗೆ ಅವರು ಹಿಡಿದ ಬೆಳಕು ಚರಿತ್ರೆಯಾಯಿತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅಲ್ಲಿಯ ಆ ವಿಭಾಗವೇ ಇಂದು ಹೆಸರಘಟ್ಟದಲ್ಲಿರುವ ಸರಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ. ಇನ್ನು ದಿಲ್ಲಿಯ ಜಾಮಿಯಾ ಮಿಲ್ಲಿಯಾದಲ್ಲಿ 1982ರಲ್ಲಿ ಆರಂಭವಾದ ಸಮೂಹ ಸಂವಹನ ಕೇಂದ್ರದಲ್ಲಿ ಓದಿದ ದಾನಿಶ್ ಸಿದ್ದೀಕಿ ಮೊದಲು ಟಿ.ವಿ. ವರದಿಗಾರರಾಗಿದ್ದರು. 2010ರಲ್ಲಿ ರಾಯಿಟರ್ಸ್ ಸಂಸ್ಥೆಯನ್ನು ಅವರು ಸೇರಿದ್ದು ತರಬೇತಿ ಛಾಯಾಗ್ರಾಹಕರಾಗಿ. ಅಂದರೆ ಇದ್ದ ಕೆಲಸ ಬಿಟ್ಟು ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಿದರು. ರೊಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಆ ಸಂಸ್ಥೆಯ ತಂಡಕ್ಕೆ ಬಂದ ಪುಲಿಟ್ಜರ್ ಪ್ರಶಸ್ತಿಯಲ್ಲಿ ಅವರೂ ಪಾಲುದಾರರು. 2021ರ ಜುಲೈನಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಯುದ್ಧ ವರದಿ ಮಾಡುತ್ತಿದ್ದಾಗ ಹತರಾದರು. ಕೋವಿಡ್ ಕಾಲದ ಭಾರತದ ಚಿತ್ರಗಳಿಗೆ ಮರುವರ್ಷ ಪುಲಿಟ್ಜರ್ ಮತ್ತೆ ಬಂತು, ಸ್ವೀಕರಿಸಲು ಅವರಿರಲಿಲ್ಲ. ಈ ವೃತ್ತಿಯ ಬೆಲೆಯನ್ನೂ ತಿಳಿದಿರಬೇಕೆಂದು ಇದನ್ನು ಹೇಳುತ್ತಿದ್ದೇವೆ.

ನಾವು ಹೆಚ್ಚು ಹೊತ್ತು ಮಾತನಾಡಬಯಸುವುದು ಭಾಷೆಯ ಬಗ್ಗೆ. ನಮ್ಮ ಮನೆಯ ಮಗು ಶಾಲೆಗೆ ಸೇರುವ ಮುನ್ನವೇ ಎರಡು ಭಾಷೆ ಕೇಳಿ ಬೆಳೆದಿರುತ್ತದೆ. ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ, ಬೀದಿಯಲ್ಲಿ ಕನ್ನಡ ಅಥವಾ ತುಳು. ಮುಂದೆ ಇಂಗ್ಲಿಷು, ಹಿಂದಿ, ಮದ್ರಸಾದಲ್ಲಿ ಅರಬಿ ಲಿಪಿ. ಇದನ್ನು ನಾವು ಹೊರೆಯೆಂದು ಭಾವಿಸಿದ್ದೇವೆ. ಸಂವಹನದ ಉದ್ಯೋಗದಲ್ಲಿ ಇದು ಬಂಡವಾಳ. ಹಾಸನದ ಬಾನು ಮುಷ್ತಾಕ್ ಅವರನ್ನು ನೋಡಿ. ಮನೆಮಾತು ಉರ್ದು, ಬರೆದದ್ದು ಕನ್ನಡ. ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದವರು, ಬಳಿಕ ವಕೀಲೆ. ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಆ ಬಹುಮಾನದ ಹಣ ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಿಕೆಯಾಗುತ್ತದೆ ಎಂಬುದು ಗಮನಾರ್ಹ. ಅನುವಾದವೂ ಒಂದು ಗೌರವದ ವೃತ್ತಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎಲ್ಲರಿಗೂ ಬೂಕರ್ ಬರುವುದಿಲ್ಲ, ನಿಜ. ಆದರೆ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು ಚಿತ್ರರಂಗದಲ್ಲಿದ್ದ ಕಟ್ಟುಪಾಡು ಸ್ಪರ್ಧಾ ಆಯೋಗದ 2015ರ ಆದೇಶದ ನಂತರ ಸಡಿಲಗೊಂಡಿತು. ಇಂದು ಧಾರಾವಾಹಿ, ಸಿನಿಮಾ, ಜಾಹೀರಾತುಗಳಿಗೆ ಕನ್ನಡ ಸಂಭಾಷಣೆ ಬರೆಯುವವರು, ದನಿ ಕೊಡುವವರು ಬೇಕು. ಆಸ್ಪತ್ರೆಗಳಿಗೆ, ಬ್ಯಾಂಕುಗಳಿಗೆ, ಮೊಬೈಲ್ ಆ್ಯಪ್‌ಗಳಿಗೆ ಸಾಮಾನ್ಯ ಜನರಿಗೆ ತಿಳಿಯುವ ಕನ್ನಡ ಬೇಕು. 'ಅದನ್ನು ಈಗ ಯಂತ್ರವೇ ಮಾಡುತ್ತದಲ್ಲ?' ಎಂದು ನೀವು ಕೇಳಬಹುದು. ಮಾಡುತ್ತದೆ, ಮತ್ತು ಸಾಧಾರಣ ಅನುವಾದಕನ ಅನ್ನ ಅದರಿಂದ ಕಡಿಮೆಯಾಗುತ್ತದೆಂಬುದನ್ನು ಅಲ್ಲಗಳೆಯುವಂತಿಲ್ಲ. ಯಂತ್ರದ ತಪ್ಪನ್ನು ಹಿಡಿಯಬಲ್ಲವನ ಅಗತ್ಯ ಮಾತ್ರ ಉಳಿಯುತ್ತದೆ. ಅರೆಬರೆ ಕನ್ನಡ, ಅರೆಬರೆ ಇಂಗ್ಲಿಷು ಕಲಿತವರು ಹಾಗೆ ಉಳಿಯಲಾರರು. ಮಕ್ಕಳಿಗೆ ಕನ್ನಡ ಬೇಡವೆನ್ನುವ ಹೆತ್ತವರು ಈ ಮಾತನ್ನು ಮನೆಗೆ ಒಯ್ಯಬೇಕು.

ಇನ್ನು ಸಮುದಾಯದ ದೂರಿನ ವಿಚಾರ. ಮಾಧ್ಯಮಗಳು ನಮ್ಮನ್ನು ಸರಿಯಾಗಿ ತೋರಿಸುವುದಿಲ್ಲ ಎಂಬ ದೂರನ್ನು ಪ್ರತಿ ಸಭೆಯಲ್ಲೂ ಕೇಳುತ್ತೇವೆ. ದೂರಿಗೆ ಆಧಾರವಿಲ್ಲದಿಲ್ಲ. 2020ರಲ್ಲಿ ತಬ್ಲೀಗ್ ಜಮಾಅತ್‌ಗೆ ಬಂದಿದ್ದ ವಿದೇಶೀಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸುತ್ತಾ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವೇ ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿತ್ತು. ಆದರೆ ಇನ್ನೊಂದು ಮಗ್ಗುಲೂ ಇದೆ. 2006ರಲ್ಲಿ ಯೋಗೇಂದ್ರ ಯಾದವ್ ಮತ್ತು ಸಂಗಡಿಗರು ದಿಲ್ಲಿಯ ಮಾಧ್ಯಮ ಸಂಸ್ಥೆಗಳ ನಿರ್ಣಾಯಕ ಹುದ್ದೆಗಳಲ್ಲಿದ್ದ 300ಕ್ಕೂ ಹೆಚ್ಚು ಮಂದಿಯ ಸಮೀಕ್ಷೆ ನಡೆಸಿದಾಗ ಮುಸ್ಲಿಮರ ಪ್ರಮಾಣ ಕೇವಲ ಶೇ. 3ರಷ್ಟಿತ್ತು. 2001ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಶೇ. 13.4. ದಲಿತರಂತೂ ಬಹುತೇಕ ಇರಲೇ ಇಲ್ಲ. ತಾರತಮ್ಯ ಇದ್ದಿರಬಹುದು. ಆದರೆ ಅರ್ಜಿಯನ್ನೇ ಹಾಕದವರು ಎಷ್ಟು ಮಂದಿ? ಹಾಗೆಂದು ಸಮುದಾಯದ ವಕೀಲಿಕೆ ಮಾಡಲಿ ಎಂಬ ಆಸೆಯಿಂದ ಮಕ್ಕಳನ್ನು ಕಳುಹಿಸುವುದೂ ತಪ್ಪೇ. ನಮ್ಮವರ ವಕ್ಫ್ ಸಮಿತಿಯ ಲೆಕ್ಕ ತಪ್ಪಿದ್ದರೆ ಅದನ್ನೂ ಬರೆಯಬಲ್ಲವನೇ ಪತ್ರಕರ್ತ. ಅಂಥ ವರದಿ ಬಂದ ದಿನ ನಾವು ಅವನ ಮನೆಯ ಮುಂದೆ ಗುಂಪುಗೂಡುವುದಿಲ್ಲವೆಂಬ ಭರವಸೆ ಇದೆಯೇ?

ಹೆಣ್ಣುಮಕ್ಕಳ ವಿಷಯದಲ್ಲಿ ರಾತ್ರಿ ಪಾಳಿಯ ಆತಂಕವನ್ನು ಅನೇಕ ತಾಯಂದಿರು ನಮ್ಮೊಡನೆ ಹೇಳಿಕೊಂಡಿದ್ದಾರೆ. ರಾತ್ರಿ ಪಾಳಿ ದಿನಪತ್ರಿಕೆ ಮತ್ತು ವಾರ್ತಾವಾಹಿನಿಗಳ ಮಾತು. ಅನುವಾದ, ಅಧ್ಯಾಪನ, ಸಮುದಾಯ ಬಾನುಲಿ, ಸಂಸ್ಥೆಗಳ ಸಂವಹನ ವಿಭಾಗ, ಪುಸ್ತಕ ಪ್ರಕಾಶನ ಇವುಗಳಲ್ಲಿ ಹಗಲಿನ ಕೆಲಸವೇ ಹೆಚ್ಚು. ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯದಲ್ಲಿಯೂ ಪತ್ರಿಕೋದ್ಯಮ ವಿಭಾಗವಿದೆ. ಮತ್ತು ರಾತ್ರಿ ಪಾಳಿಯ ದಾದಿಯನ್ನು ನಾವು ಗೌರವಿಸುತ್ತೇವೆಂದಾದರೆ ರಾತ್ರಿ ಪಾಳಿಯ ಉಪಸಂಪಾದಕಿಯ ವಿಷಯದಲ್ಲಿ ಹಿಂಜರಿಕೆ ಯಾಕೆ? ವಾಹನದ ವ್ಯವಸ್ಥೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಬೇರೆ, ಬೇಡವೇ ಬೇಡ ಎನ್ನುವುದು ಬೇರೆ.

ಕೊನೆಯದಾಗಿ, ಸೇರ್ಪಡೆಗೆ ಮುನ್ನ ಮಾಡಬೇಕಾದ ಕೆಲಸ. ಬಣ್ಣದ ಮಾಹಿತಿ ಪುಸ್ತಿಕೆಯನ್ನು ನಂಬದೆ ತಂದೆ ಮಗ, ತಾಯಿ ಮಗಳು ಒಟ್ಟಿಗೆ ವಿಭಾಗಕ್ಕೆ ಹೋಗಿರಿ. ಸ್ಟುಡಿಯೋದ ಬಾಗಿಲು ತೆರೆಸಿ, ಉಪಕರಣಗಳ ಮೇಲೆ ಧೂಳಿದೆಯೇ ನೋಡಿರಿ. ವಿದ್ಯಾರ್ಥಿಗಳೇ ಹೊರತರುವ ಪ್ರಾಯೋಗಿಕ ಪತ್ರಿಕೆಯ ಇತ್ತೀಚಿನ ಸಂಚಿಕೆ ಕೇಳಿರಿ. ಹೋದ ವರ್ಷ ಹೊರಬಂದವರು ಈಗ ಎಲ್ಲಿದ್ದಾರೆಂದು ಕಚೇರಿಯಲ್ಲಿ ವಿಚಾರಿಸಿ, ಅವರಲ್ಲೊಬ್ಬರಿಗೆ ಫೋನ್ ಮಾಡಿರಿ. ಅಷ್ಟರೊಳಗೆ ಮಗುವಿಗೆ ಒಂದು ಕೆಲಸ ಕೊಡಿರಿ. ಒಂದು ತಿಂಗಳು ಪ್ರತಿದಿನ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ಕನ್ನಡಕ್ಕೆ ಬರೆದು ನಿಮಗೆ ಓದಿ ಹೇಳಲಿ. ನಿಮಗೆ ಅರ್ಥವಾಗದ ಕಡೆ ನಿಲ್ಲಿಸಿರಿ, ಮರುದಿನ ತಿದ್ದಿ ತರಲಿ. ಮೂವತ್ತನೆಯ ದಿನವೂ ಆಸಕ್ತಿ ಉಳಿದಿದ್ದರೆ ಅರ್ಜಿ ತುಂಬಿಸಿರಿ.