ಕೊಕ್ಕರೆ ಬೆಳ್ಳೂರಿನ ಜೀವದಯೆ



ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಸಮೀಪವಾಗಿ ಕೊಕ್ಕರೆ ಬೆಳ್ಳೂರೆಂಬ ಗ್ರಾಮವುಂಟು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಅಲ್ಲಿಗೆ ಬಂದು, ಮನೆಗಳ ನಡುವಣ ಹುಣಿಸೆಮರಗಳಲ್ಲಿ ಗೂಡುಕಟ್ಟಿ ಮರಿಮಾಡುವುವು. ಗ್ರಾಮಸ್ಥರು ಇವನ್ನು ಹೆರಿಗೆಗಾಗಿ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವರು. ತವರಿಗೆ ಬಂದ ಮಗಳ ಮೇಲೆ ಕೈಯೆತ್ತುವವರುಂಟೆ?

ವನ್ಯಜೀವಿ ಸಂರಕ್ಷಣಾ ಶಾಸನವು ಹುಟ್ಟಿದುದು 1972ರಲ್ಲಿ. ಬೆಳ್ಳೂರಿನವರ ಕಟ್ಟುಪಾಡು ಅದಕ್ಕಿಂತಲೂ ಹಿಂದಿನದು. 2002ರ ತಿದ್ದುಪಡಿಯಿಂದ ಸಮುದಾಯ ಮೀಸಲು ಪ್ರದೇಶವೆಂಬ ವ್ಯವಸ್ಥೆಯು ಉಂಟಾಗಿ, 2007ರಲ್ಲಿ ಈ ಊರಿಗೆ ಅನ್ವಯವಾಯಿತು. ಇಂತಹ ಮೀಸಲಿನ ಸಮಿತಿಗೆ ಐವರಿಗೆ ಕಡಮೆಯಿಲ್ಲದಂತೆ ಸದಸ್ಯರನ್ನು ಗ್ರಾಮಪಂಚಾಯಿತಿಯೇ ನೇಮಿಸಬೇಕೆಂಬುದು ಶಾಸನದ ವಿಧಿ.

ಆದರೆ ದಯೆಗೂ ಬೆಲೆಯುಂಟು. ಗೂಡುಗಳಿರುವ ಮರದ ಹುಣಿಸೆಯನ್ನು ಒಡೆಯನು ಬಡಿಯಲಾರನು; ಫಲಕ್ಕೆ ಎರವಾಗುವನು. ಹಿಕ್ಕೆಯು ಗೊಬ್ಬರವಾಗುವುದು ನಿಜ. ಅರಣ್ಯ ಇಲಾಖೆಯು ಪರಿಹಾರಧನದ ಏರ್ಪಾಡನ್ನು ಮಾಡಿದುದೂ ನಿಜ. ಆದರೂ ನಷ್ಟವು ಒಬ್ಬನದು, ಪುಣ್ಯವು ಊರಿನದು ಎಂದಾದರೆ ಅದು ನ್ಯಾಯವಲ್ಲ. ಶಾಸನವು ಬೇಟೆಗಾರನ ಕೈಯನ್ನು ತಡೆಯಬಲ್ಲುದು; ಮರದೊಡೆಯನ ಕೈಯ ಕೊಡಲಿಯನ್ನು ಕೆಳಗಿಡಿಸುವುದು ನೆರೆಹೊರೆಯವರ ಸಹಕಾರವೇ ಸರಿ. ಮರವಿಲ್ಲದವರೂ ಆ ನಷ್ಟದಲ್ಲಿ ಪಾಲುಗೊಳ್ಳಬೇಕು. ಮಂಡ್ಯ, ಮಳವಳ್ಳಿಗಳ ಭಕ್ತರೂ ತಮ್ಮ ತಮ್ಮ ಗ್ರಾಮಸಭೆಗಳಲ್ಲಿ ಇದನ್ನು ಆಲೋಚಿಸಲಿ.